ಯಂತ್ರಜನ್ಯ ಶಾಂತಿಯೂ ಯೋಗಜನ್ಯ ಶಾಂತಿಯೂ

ಪತಂಜಲಿ ಮಹರ್ಷಿಯು ಯೋಗಸೂತ್ರದ ಕಡೆಯ ಪಾದವನ್ನು ಒಂದು ಸೋಜಿಗದ ಮಾತಿನಿಂದ ಆರಂಭಿಸಿದ್ದಾನೆ. ಸಿದ್ಧಿಗಳು ಮನುಷ್ಯನಿಗೆ ಐದು ಬಗೆಯಿಂದ ಒದಗಬಲ್ಲವು: ಜನ್ಮದಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ. ಶಾಸ್ತ್ರವನ್ನು ಓದುವವರು ಈ ಐದರಲ್ಲಿ ಎರಡನೆಯದರ ಮೇಲೆ ಸುಮ್ಮನೆ ಕಣ್ಣಾಡಿಸಿ ಮುಂದೆ ಹೋಗುವುದೇ ವಾಡಿಕೆ. ಮೂಲಿಕೆಯ ರಸದಿಂದಲೂ ಸಿದ್ಧಿಯೇ ಎಂದು ಬೆರಗಾಗುವವರು ಕಡಿಮೆ. ಆದರೆ ಸೂತ್ರಕಾರನು ಅದನ್ನು ಸುಳ್ಳೆನ್ನಲಿಲ್ಲ, ಪಾಪವೆಂದೂ ಹೇಳಲಿಲ್ಲ. ನಾಲ್ಕಾರು ಸೂತ್ರಗಳ ತರುವಾಯ ಮಾತ್ರ ಒಂದು ಗೆರೆಯನ್ನೆಳೆದನು. ಈ ಐದು ಬಗೆಯಿಂದ ಸಿದ್ಧವಾದ ಚಿತ್ತಗಳೊಳಗೆ ಧ್ಯಾನದಿಂದ ಹುಟ್ಟಿದ ಚಿತ್ತವೊಂದೇ ಆಶಯರಹಿತವಾದುದು; ಎಂದರೆ ಕರ್ಮವಾಸನೆಯ ಮಡ್ಡಿಯನ್ನು ತಳದಲ್ಲಿ ಉಳಿಸಿಕೊಳ್ಳದಿರುವುದು.

ಈ ಹಳೆಯ ವಿವೇಚನೆಯನ್ನು ಹೊಸದಾಗಿ ನೆನೆಯಬೇಕಾದ ಕಾಲ ಬಂದಿದೆ. ತಲೆಯನ್ನು ಕೊಯ್ಯದೆ, ತಲೆಬುರುಡೆಯನ್ನು ತೆರೆಯದೆ, ಹೊರಗಿನಿಂದಲೇ ವಿದ್ಯುತ್ತನ್ನಾಗಲಿ ಅಯಸ್ಕಾಂತಶಕ್ತಿಯನ್ನಾಗಲಿ ಹಾಯಿಸಿ ಮಿದುಳಿನ ವ್ಯಾಪಾರವನ್ನು ತಿದ್ದುವ ಚಿಕಿತ್ಸೆಗಳು ಬಳಕೆಗೆ ಬಂದಿವೆ. ಅವುಗಳ ಜೊತೆಗೆ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕೂಡಿಸಿ ನೋಡುವ ಪ್ರಯತ್ನವೂ ನಡೆದಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ರೋಗಿಗಳು ಬೆಂಗಳೂರಿಗೆ ಹೋಗಿ ಬರುವವರಾದುದರಿಂದ ಈ ಮಾತು ನಮ್ಮ ಸೀಮೆಯ ಗೃಹಸ್ಥರಿಗೂ ದೂರದ್ದಲ್ಲ. ಅವರಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಗುರುಕೃಪೆಯಿಂದಲೂ ಸಾಧನೆಯಿಂದಲೂ ಆಗಬೇಕಾದ ಚಿತ್ತಶಾಂತಿಯನ್ನು ಯಂತ್ರದಿಂದ ಪಡೆಯುವುದು ಯುಕ್ತವೇ? ಯಂತ್ರದಿಂದಲೇ ಅದು ದೊರೆಯುವುದಾದರೆ ಸಾಧನೆಯಾದರೂ ಏತಕ್ಕೆ?

ಪ್ರಥಮತಃ ಯಂತ್ರಗಳ ಸ್ವರೂಪವನ್ನು ತಿಳಿಯತಕ್ಕದ್ದು. ಬದಲಾಗುತ್ತಿರುವ ಅಯಸ್ಕಾಂತಬಲವು ಸಮೀಪದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದನು. ಆ ತತ್ತ್ವವನ್ನೇ ಹಿಡಿದು ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಎಂಬವನು ಸಂಗಡಿಗರೊಡನೆ ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಬುರುಡೆಯೊಳಗಿನ ಮಿದುಳಿನಲ್ಲಿ ವಿದ್ಯುತ್ತನ್ನೆಬ್ಬಿಸಿ, ಕೈಯ ಸ್ನಾಯುಗಳು ತಾವಾಗಿ ಅಲುಗುವಂತೆ ಮಾಡಿ ತೋರಿಸಿದನು. ಟಿ.ಎಂ.ಎಸ್. ಎಂಬ ಚಿಕಿತ್ಸೆಯ ಮೂಲವಿದು. ೨೦೦೮ರಲ್ಲಿ ಅಮೆರಿಕದ ಸರ್ಕಾರವು ಇದನ್ನು ಖಿನ್ನತೆಯ ರೋಗಕ್ಕೆ ಬಳಸಲು ಅನುಮತಿಯಿತ್ತಿತು. ರೋಗಿಯು ಎಚ್ಚರದಲ್ಲಿಯೇ ಕುರ್ಚಿಯ ಮೇಲೆ ಕುಳಿತಿರುತ್ತಾನೆ; ಹಣೆಯ ಎಡಭಾಗದ ಮೇಲೆ ಸುರುಳಿಯನ್ನಿಡುತ್ತಾರೆ; ಟಕ್ ಟಕ್ ಎಂಬ ಸದ್ದೂ ಬೆರಳಿನಿಂದ ತಟ್ಟಿದಂಥ ಅನುಭವವೂ ಆಗುತ್ತವೆ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಇದು ನಡೆಯುವುದುಂಟು.

ಇನ್ನೊಂದು ಇದಕ್ಕಿಂತಲೂ ಸರಳವಾದುದು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜಿನ ತುಂಡುಗಳನ್ನು ತಲೆಗೆ ಕಟ್ಟಿ, ಒಂದೆರಡು ಮಿಲಿಆಂಪಿಯರ್ ಪ್ರಮಾಣದ ವಿದ್ಯುತ್ತನ್ನು ಇಪ್ಪತ್ತು ನಿಮಿಷದಷ್ಟು ಕಾಲ ಹಾಯಿಸುವುದು. ಕೈದೀಪದ ಬಲ್ಬಿಗೆ ಬೇಕಾದ ವಿದ್ಯುತ್ತು ಇದಕ್ಕಿಂತ ಎಷ್ಟೋ ಮಡಿ ಹೆಚ್ಚಿನದು. ೨೦೦೦ದಲ್ಲಿ ಜರ್ಮನಿಯ ಗಾಟಿಂಗೆನ್ನಿನ ನಿಚ್ಚೆ ಮತ್ತು ಪೌಲಸ್ ಎಂಬ ವೈದ್ಯವಿದ್ವಾಂಸರು ಇದರ ಪರಿಣಾಮವನ್ನು ಅಳೆದು ಪ್ರಕಟಿಸಿದ ಮೇಲೆ ಟಿ.ಡಿ.ಸಿ.ಎಸ್. ಎಂಬ ಹೆಸರಿನಿಂದ ಇದು ಲೋಕದಲ್ಲಿ ಹಬ್ಬಿತು. ನಮ್ಮ ಜನರು 'ಕರೆಂಟ್ ಕೊಡುವುದು' ಎಂದು ಕರೆದು ಹೆದರುವ ಚಿಕಿತ್ಸೆ ಇವೆರಡಕ್ಕಿಂತ ಭಿನ್ನ. ಅದು ೧೯೩೮ರಲ್ಲಿ ರೋಮಿನಲ್ಲಿ ಆರಂಭವಾದುದು. ಅಪಸ್ಮಾರದಂಥ ಸೆಳೆತವನ್ನು ಬೇಕೆಂದೇ ಉಂಟುಮಾಡುವುದು. ಅರಿವಳಿಕೆಯೂ ಸ್ನಾಯುಗಳನ್ನು ಸಡಿಲಿಸುವ ಮದ್ದೂ ಇಲ್ಲದೆ ಅದನ್ನು ಕೊಡುವುದನ್ನು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನಿಷೇಧಿಸಿದೆ.

ಪ್ರಕೃತ ವಿಚಾರಕ್ಕೆ ಮುಖ್ಯವಾದ ಸಂಗತಿ ಇಲ್ಲಿದೆ. ಸ್ಪಂಜಿನ ಮೂಲಕ ಹಾಯುವ ಆ ಸೌಮ್ಯ ವಿದ್ಯುತ್ತು ಮಿದುಳಿನ ಕೋಶಗಳನ್ನು ತಾನಾಗಿ ಕೆಲಸಕ್ಕೆ ಹಚ್ಚುವುದಿಲ್ಲ. ಅವು ಕೆಲಸಕ್ಕೆ ತೊಡಗುವ ಸನ್ನದ್ಧತೆಯನ್ನು ಕೊಂಚ ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ, ಅಷ್ಟೆ. ಆ ವೇಳೆಯಲ್ಲಿ ಮನಸ್ಸು ಯಾವುದರಲ್ಲಿ ತೊಡಗಿರುವುದೋ ಅದು ಬೇರೂರುವುದಕ್ಕೆ ಅನುಕೂಲವಾಗುತ್ತದೆಂಬುದು ವೈದ್ಯರ ಊಹೆ. ಹೊಸದುರ್ಗದ ಕೆಂಪು ಮಸಾರಿಯಲ್ಲಿ ಸಾವೆ ಬಿತ್ತುವವನೂ ಹಿರಿಯೂರಿನ ಎರೆಯಲ್ಲಿ ಕೂರಿಗೆ ಹೂಡುವವನೂ ಇದನ್ನು ಬೇಗನೆ ತಿಳಿಯಬಲ್ಲರು. ಮಳೆ ಬಿದ್ದು ನೆಲಕ್ಕೆ ಹದ ಬಂದಿತೆಂದ ಮಾತ್ರಕ್ಕೆ ಬೆಳೆ ಬಂದಂತಾಗಲಿಲ್ಲ. ಹದದಲ್ಲಿ ಬಿತ್ತಿದವನಿಗೆ ಪೈರು, ಬಿತ್ತದೆ ಕುಳಿತವನಿಗೆ ಕಳೆ. ಹದವಿಲ್ಲದ ನೆಲದಲ್ಲಿ ಎಂಥ ಒಳ್ಳೆಯ ಬೀಜವೂ ಒಣಗಿಹೋಗುವುದೆಂಬುದು ಇದರ ಮತ್ತೊಂದು ಮಗ್ಗುಲು. ಖಿನ್ನತೆಯಿಂದ ಹಾಸಿಗೆ ಹಿಡಿದವನಿಗೆ ಧ್ಯಾನಮಾಡೆಂದು ಉಪದೇಶಿಸುವುದು ಇಂಥ ಒಣಬಿತ್ತನೆಯೇ ಸರಿ. ಯೋಗವನ್ನೂ ಯಂತ್ರವನ್ನೂ ಕೂಡಿಸಬೇಕೆಂಬ ಆಲೋಚನೆ ಹುಟ್ಟಿದ್ದು ಹೀಗೆ. ಈವರೆಗಿನ ಪ್ರಯೋಗಗಳು ಚಿಕ್ಕವು. ಕೆಲವುಗಳಲ್ಲಿ ಕೂಡಿಸಿದ್ದರಿಂದ ಹೆಚ್ಚಿನ ಗುಣ ಕಂಡಿದೆ. ಕೆಲವುಗಳಲ್ಲಿ ನಿಜವಾದ ವಿದ್ಯುತ್ತಿಗೂ, ರೋಗಿಗೆ ತಿಳಿಯದಂತೆ ಕೊಟ್ಟ ಹುಸಿ ವಿದ್ಯುತ್ತಿಗೂ ಭೇದವೇ ಕಂಡಿಲ್ಲ.

ಈ ವಿಷಯದಲ್ಲಿ ಕರ್ನಾಟಕವು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಯೋಗಚಿಕಿತ್ಸೆಯೂ ವಿದ್ಯುಚ್ಚಿಕಿತ್ಸೆಯೂ ಒಂದೇ ಆವರಣದಲ್ಲಿ ನಡೆಯುತ್ತವೆ. ಅಲ್ಲಿಯ ವೈದ್ಯರು ೨೦೧೧ರಲ್ಲಿ ಪ್ರಕಟಿಸಿದ ಒಂದು ಶೋಧನೆಯು ಗಮನಾರ್ಹವಾದುದು. ಆರೋಗ್ಯವಂತರಾದ ಹನ್ನೆರಡು ಮಂದಿಯಿಂದ ಓಂಕಾರವನ್ನು ಉಚ್ಚರಿಸಿ, ಆ ಸಮಯದಲ್ಲಿ ಮಿದುಳಿನ ರಕ್ತಸಂಚಾರವನ್ನು ಯಂತ್ರದಿಂದ ಚಿತ್ರಿಸಿಕೊಂಡರು. ಹೋಲಿಕೆಗಾಗಿ 'ಸ್‌ಸ್‌ಸ್' ಎಂಬ ಬರಿಯ ಸದ್ದನ್ನೂ ಹೊರಡಿಸಿದರು. ಓಂಕಾರದ ವೇಳೆ ಭಾವೋದ್ವೇಗಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ತಣಿದವು. ಬರಿಯ ಸದ್ದಿನಿಂದ ಹಾಗಾಗಲಿಲ್ಲ. ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಕಂಡುಬರುವ ಪರಿಣಾಮಕ್ಕೂ ಇದಕ್ಕೂ ಹೋಲಿಕೆಯಿದೆಯೆಂಬುದನ್ನು ಅವರು ಅಲ್ಲಿಯೇ ಗುರುತಿಸಿದರು. ಓಂಕಾರದ ಕಂಪನವು ಕಿವಿಯ ಸುತ್ತಲಿನ ಆ ನರದ ಕವಲನ್ನು ಮುಟ್ಟುತ್ತಿರಬಹುದೆಂದು ಅವರ ತರ್ಕ. ಹಾಗಿದ್ದಲ್ಲಿ ಪ್ರಣವೋಚ್ಚಾರವೇ ಒಂದು ಬಗೆಯ ಪ್ರಚೋದನೆಯೆಂದಾಯಿತು. ಹೊರಗಿನ ತಂತಿಗೆ ಬದಲು ಸ್ವಂತ ಉಸಿರು.

ಅದಕ್ಕಿಂತ ಮೊದಲೇ, ೨೦೦೦ದಲ್ಲಿ, ಜಾನಕಿರಾಮಯ್ಯ, ಗಂಗಾಧರ ಮೊದಲಾದ ಅದೇ ಸಂಸ್ಥೆಯ ವೈದ್ಯರು ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದ್ದರು. ತೀವ್ರ ಖಿನ್ನತೆಯ ೪೫ ರೋಗಿಗಳನ್ನು ಹದಿನೈದರಂತೆ ಮೂರು ಗುಂಪು ಮಾಡಿ, ಒಂದಕ್ಕೆ ಸುದರ್ಶನಕ್ರಿಯೆ ಎಂಬ ಉಸಿರಾಟದ ಯೋಗವನ್ನೂ, ಒಂದಕ್ಕೆ ಇಮಿಪ್ರಮಿನ್ ಎಂಬ ಮಾತ್ರೆಯನ್ನೂ, ಇನ್ನೊಂದಕ್ಕೆ ಸೆಳೆತ ತರುವ ವಿದ್ಯುಚ್ಚಿಕಿತ್ಸೆಯನ್ನೂ ನಾಲ್ಕು ವಾರ ಕೊಟ್ಟರು. ರೋಗವು ಇಳಿದುಹೋದವರು ವಿದ್ಯುತ್ತಿನ ಗುಂಪಿನಲ್ಲಿ ನೂರಕ್ಕೆ ೯೩, ಮಾತ್ರೆಯ ಗುಂಪಿನಲ್ಲಿ ೭೩, ಯೋಗದ ಗುಂಪಿನಲ್ಲಿ ೬೭. ಯೋಗಾಭಿಮಾನಿಗಳು ಕಡೆಯ ಅಂಕಿಯನ್ನು ಮಾತ್ರ ಹಿಡಿದು, ಮದ್ದಿಗೆ ಸರಿಸಾಟಿಯಾಯಿತು ನೋಡಿರೆಂದು ಹಿಗ್ಗುವುದುಂಟು. ಯೋಗವನ್ನು ಹಳಿಯುವವರು ಮೊದಲ ಅಂಕಿಯನ್ನು ಎತ್ತಿ ತೋರಿಸುತ್ತಾರೆ. ಅಂಕಿಯನ್ನು ಮನುಷ್ಯರಾಗಿ ಎಣಿಸಿದರೆ ಕಾಣುವುದು ಬೇರೆ. ಉಸಿರಾಟವೊಂದರಿಂದಲೇ ಹದಿನೈದರಲ್ಲಿ ಹತ್ತು ಮಂದಿ ಎದ್ದು ಕುಳಿತರು. ಇದು ಸಣ್ಣ ಮಾತಲ್ಲ. ಐವರು ಏಳಲಿಲ್ಲ, ಇದೂ ಸಣ್ಣ ಮಾತಲ್ಲ. ಆ ಐವರೊಳಗೆ ಒಬ್ಬಳು ತನ್ನ ಮನೆಯ ಸೊಸೆಯೆಂದು ಗೃಹಸ್ಥನು ಭಾವಿಸಿ ನೋಡಬೇಕು.

ಏಕೆಂದರೆ ಮನೆಗಳಲ್ಲಿ ನಡೆಯುವುದೇನು? ಮಾತುಬಿಟ್ಟು, ಊಟಬಿಟ್ಟು, ನಿದ್ದೆಗೆಟ್ಟು ಕುಳಿತವಳನ್ನು ಕಂಡು, ಲಿಂಗಪೂಜೆಯಲ್ಲಿ ನಿಷ್ಠೆ ಸಾಲದೆಂದು ಹಿರಿಯರು ನಿರ್ಣಯಿಸುತ್ತಾರೆ. ಅವಳಿಗಾದರೋ ಅದು ಮೊದಲೇ ಬೇಯುತ್ತಿರುವ ಒಡಲಿಗೆ ಬಿದ್ದ ಕೊಳ್ಳಿ. ಈ ರೋಗದ ಲಕ್ಷಣವೇ ಕಾರಣವಿಲ್ಲದ ಆತ್ಮನಿಂದೆ. ತಾನು ಪಾಪಿ, ತಾನು ಮನೆಗೆ ಭಾರ, ತಾನು ಅಳಿದರೆ ಎಲ್ಲರಿಗೂ ಸುಖವೆಂದು ರೋಗಿಯು ನಂಬಿರುತ್ತಾನೆ. ಅಂಥವರ ಮುಂದೆ ಭಕ್ತಿಯ ಕೊರತೆಯನ್ನೆತ್ತುವುದು ಧರ್ಮೋಪದೇಶವಾಗಲಾರದು, ಅದು ಹಿಂಸೆ. ದಯೆಯನ್ನು ಧರ್ಮದ ಬೇರೆಂದು ಸಾರಿದ ಶರಣರ ಹೆಸರಿನಲ್ಲಿ ಅದು ನಡೆಯಬಾರದು. ಕಾಲು ಮುರಿದವನಿಗೆ ಊರುಗೋಲು ಕೊಡುವಾಗ ಯಾರೂ ಅವನ ನಿಷ್ಠೆಯನ್ನು ಪರೀಕ್ಷಿಸುವುದಿಲ್ಲ. ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ನಿಸ್ಸಂದಿಗ್ಧವಾದುದು. ರೋಗವಿರುವಲ್ಲಿ ಮಾತ್ರೆಯಾಗಲಿ ಯಂತ್ರವಾಗಲಿ ಯೋಗ್ಯ ವೈದ್ಯನ ಕೈಯಿಂದ ಸ್ವೀಕಾರಾರ್ಹವೇ ಸರಿ. ಅದರಿಂದ ಗುರುಕೃಪೆಗೆ ಕುಂದೇನೂ ಇಲ್ಲ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಾದುದಲ್ಲ. ರೋಗಿಗಳಲ್ಲದವರೂ ಈಗ ಈ ಯಂತ್ರಗಳ ಕಡೆಗೆ ನೋಡತೊಡಗಿದ್ದಾರೆ. ಮನೆಯಲ್ಲಿಯೇ ತಲೆಗೆ ಕಟ್ಟಿಕೊಳ್ಳುವ ಪಟ್ಟಿಗಳು ಹೊರದೇಶಗಳ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದಲ್ಲಿ ಜೇ ಸಾಂಗ್ವಿನೆಟ್ಟಿ ಎಂಬ ವಿಜ್ಞಾನಿಯು ಶಿಂಜೆನ್ ಯಂಗ್ ಎಂಬ ಧ್ಯಾನದ ಬೋಧಕನೊಡನೆ ಕೂಡಿ, ಕಿವಿಗೆ ಕೇಳದ ಶಬ್ದತರಂಗಗಳನ್ನು ಮಿದುಳಿನ ಆಳಕ್ಕೆ ಕಳುಹಿಸಿ ಸಮಚಿತ್ತತೆಯನ್ನು ಬೇಗನೆ ತರಲು ಸಾಧ್ಯವೇ ಎಂದು ಪರೀಕ್ಷಿಸುತ್ತ ಬಂದಿದ್ದಾನೆ. ಹನ್ನೆರಡು ವರ್ಷದ ಸಾಧನೆ ಹನ್ನೆರಡು ದಿನದಲ್ಲಿ ಆಗುವುದಾದರೆ ಬೇಡವೆನ್ನುವವರಾರು ಎಂಬ ವಾದವನ್ನು ತಳ್ಳಿಹಾಕುವುದು ಸುಲಭ, ಉತ್ತರಿಸುವುದು ಕಷ್ಟ. ಕಷ್ಟವೇ ಒಂದು ಗುಣವೆಂದರೆ ಸಲ್ಲದು. ನಡೆದು ಶ್ರೀಶೈಲಕ್ಕೆ ಹೋದವನಿಗೂ ಬಸ್ಸಿನಲ್ಲಿ ಹೋದವನಿಗೂ ಮಲ್ಲಿಕಾರ್ಜುನನ ದರ್ಶನ ಒಂದೇ.

ಹೀಗಿರುವಲ್ಲಿ ವಿಚಾರಮಾಡಬೇಕಾದುದು, ಶಾಂತಿಯು ತಾನೇ ಒಂದು ಪುರುಷಾರ್ಥವೇ ಎಂಬುದನ್ನು. ತಮ್ಮನ ಪಾಲಿನ ನಾಲ್ಕೆಕರೆ ತೋಟವನ್ನು ಕಾಗದಪತ್ರ ತಿದ್ದಿ ತನ್ನದಾಗಿಸಿಕೊಂಡ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸೋಣ. ಅವನಿಗೆ ರಾತ್ರಿ ನಿದ್ದೆ ಬಾರದು. ಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತರೆ ದೃಷ್ಟಿ ನಿಲ್ಲದು. ತಮ್ಮನ ಮಕ್ಕಳ ಮುಖವೇ ಕಾಣುವುದು. ಅವನು ತಲೆಗೆ ಸ್ಪಂಜನ್ನು ಕಟ್ಟಿಸಿಕೊಂಡು ಇಪ್ಪತ್ತು ದಿನದಲ್ಲಿ ಸುಖನಿದ್ದೆಯನ್ನೂ ಅಚಂಚಲವಾದ ದೃಷ್ಟಿಯನ್ನೂ ಪಡೆದನೆನ್ನೋಣ. ಮಿದುಳಿನ ಚಿತ್ರದಲ್ಲಿ ಅವನಿಗೂ ಒಬ್ಬ ಶಿವಯೋಗಿಗೂ ಭೇದವೇ ತೋರದಿರಬಹುದು. ತೋಟ ಮಾತ್ರ ಅವನ ಬಳಿಯಲ್ಲಿಯೇ ಉಳಿಯಿತು. ಅವನ ಪಾಲಿಗೆ ಉಳಿದಿದ್ದ ಒಬ್ಬನೇ ಒಬ್ಬ ಹಿತವಾದಿಯೆಂದರೆ ಆ ನಿದ್ರಾಹೀನತೆ; ಅದರ ಬಾಯಿಗೂ ಬಟ್ಟೆ ತುರುಕಿದಂತಾಯಿತು. ಕಾರಣವಿಲ್ಲದ ಆತ್ಮನಿಂದೆ ರೋಗ, ಅದಕ್ಕೆ ಚಿಕಿತ್ಸೆ ಬೇಕು. ಕಾರಣವಿರುವ ಪಶ್ಚಾತ್ತಾಪಕ್ಕೆ ಬೇಕಾದುದು ತಮ್ಮನ ಮನೆಯ ಹೊಸ್ತಿಲು. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಅದೇ ನಿದ್ದೆಗೇಡು, ಅದೇ ಕಣ್ಣೀರು. ಯಂತ್ರಕ್ಕೆ ಈ ಭೇದವು ತಿಳಿಯದು. ಅರಿತು ಕೇಳುವ ವೈದ್ಯನಿಗೂ ಗುರುವಿಗೂ ತಿಳಿದೀತು; ಎಲ್ಲರಿಗಿಂತ ಮೊದಲು ತನಗೆ ತಿಳಿದಿರುತ್ತದೆ.

ಈ ಮಾತು ಯಂತ್ರಕ್ಕೆ ಮಾತ್ರ ಅನ್ವಯಿಸುವುದೆಂದು ಯೋಗಾಭ್ಯಾಸಿಗಳು ನಿಶ್ಚಿಂತರಾಗುವಂತಿಲ್ಲ. ಪ್ರಾಣಾಯಾಮದಿಂದಲೂ ಇದೇ ಅಪಾಯವುಂಟು. ೨೦೦೭ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಯೋಗವನ್ನು ರೂಢಿಸಿಕೊಂಡವರು ಒಂದು ಗಂಟೆ ಆಸನಗಳನ್ನು ಮಾಡಿದ ಬಳಿಕ ಅವರ ಮಿದುಳಿನಲ್ಲಿ ಗಾಬಾ ಎಂಬ ಶಾಮಕ ದ್ರವ್ಯವು ನೂರಕ್ಕೆ ೨೭ರಷ್ಟು ಹೆಚ್ಚಿತ್ತು. ಆ ಹೊತ್ತನ್ನು ಪುಸ್ತಕ ಓದಿ ಕಳೆದವರಲ್ಲಿ ಹೆಚ್ಚಿರಲಿಲ್ಲ. ಆಸನವೂ ದೇಹದ ಮೂಲಕ ಮಿದುಳನ್ನು ತಿದ್ದುವ ಉಪಾಯವೇ ಎಂದಾಯಿತು. ಬೆಳಿಗ್ಗೆ ಆಸನ ಹಾಕಿ ತಂಪಾದ ತಲೆಯಿಂದ ಮಂಡಿಗೆ ಹೋಗಿ ತಕ್ಕಡಿಯನ್ನು ವಾಲಿಸುವವನು ಇಲ್ಲದಿಲ್ಲ. ಮೊದಲಾಗಿದ್ದರೆ ಅವನ ಕೈಯಾದರೂ ನಡುಗುತ್ತಿತ್ತು.

ಶರಣರು ಇದನ್ನು ಎಂಟುನೂರು ವರ್ಷಗಳ ಹಿಂದೆಯೇ ಕಂಡಿದ್ದರು. ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವು ಸರ್ವವಿದಿತವಾದುದು. ಗೋರಕ್ಷನು ಹಠಯೋಗದಿಂದ ಶರೀರವನ್ನು ವಜ್ರವಾಗಿಸಿಕೊಂಡಿದ್ದನು. ಅಲ್ಲಮಪ್ರಭುವಿನ ಕೈಗೆ ಕತ್ತಿಯನ್ನಿತ್ತು ಹೊಡೆಯೆಂದನು. ಹೊಡೆದರೆ ಲೋಹಕ್ಕೆ ಲೋಹ ತಾಗಿದಂತೆ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಬಳಿಕ ಗೋರಕ್ಷನು ಪ್ರಭುವಿಗೆ ಬೀಸಿದಾಗ ಕತ್ತಿಯು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ತಾಗುವುದಕ್ಕೆ ಅಲ್ಲಿ 'ತಾನು' ಎಂಬುದೇ ಇರಲಿಲ್ಲ. ಗೋರಕ್ಷನ ಸಿದ್ಧಿ ಹುಸಿಯೆಂದು ಕಥೆಯು ಹೇಳುವುದಿಲ್ಲ. ಅದು ನಿಜವಾದ ಸಿದ್ಧಿಯೇ. ಆದರೆ ಸಿದ್ಧಿಯಿಂದ ಗಟ್ಟಿಯಾದದ್ದು ಯಾವುದು? 'ನಾನು ಕಡಿಯಲ್ಪಡೆನು' ಎಂಬ ಅಹಂಭಾವ. ೧೯೬೧ರಲ್ಲಿ ದೆಹಲಿಯ ಆನಂದ್, ಛೀನಾ, ಬಲದೇವಸಿಂಗ್ ಎಂಬ ವೈದ್ಯರು ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ಬರೆದುಕೊಂಡಾಗ, ಕೊರೆಯುವ ತಣ್ಣೀರಿನಲ್ಲಿ ಕೈಯಿಟ್ಟುಕೊಂಡು ಮುಕ್ಕಾಲು ಗಂಟೆ ಕುಳಿತಿದ್ದರೂ ಕದಲದ ತರಂಗವನ್ನು ಕಂಡು ಲೋಕವು ಬೆರಗಾಯಿತು. ಪ್ರಭುದೇವನಿದ್ದಿದ್ದರೆ, ಆ ಕೈಯನ್ನು ನೀರಿನಿಂದ ತೆಗೆದ ಮೇಲೆ ಅದು ಏನು ಮಾಡಿತೆಂದು ಕೇಳುತ್ತಿದ್ದನೋ ಏನೋ.

ಕೈ ಏನು ಮಾಡಬೇಕೆಂಬುದಕ್ಕೆ ಹೊಳಲ್ಕೆರೆ ತಾಲ್ಲೂಕಿನವರು ದೂರ ಹೋಗಿ ನಿದರ್ಶನ ಹುಡುಕಬೇಕಾಗಿಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ವ್ಯಾಯಾಮ ಮತ್ತು ಯೋಗಾಸನಗಳನ್ನು ಕಲಿಸುವವರಾಗಿ ಈ ಸೀಮೆಗೆ ಬಂದವರು. ಊರೂರಿನಲ್ಲಿ ಶಿಬಿರಗಳನ್ನು ನಡೆಸಿ ಅಸಂಖ್ಯ ತರುಣರಿಗೆ ಯೋಗವನ್ನು ಕಲಿಸಿದರು. ಆಯುರ್ವೇದದಿಂದ ರೋಗಿಗಳನ್ನು ನೋಡಿದರು. ೧೯೪೩ರಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ, ಅದಕ್ಕಾಗಿ ಜೋಳಿಗೆ ಹಿಡಿದು ಮನೆಮನೆಗೆ ತಿರಿದರು. ಬರೆವಣಿಗೆಗೆ ಇಟ್ಟುಕೊಂಡ ಹೆಸರೂ 'ತಿರುಕ' ಎಂದೇ. ೧೯೯೬ರಲ್ಲಿ ದೇಹಬಿಡುವವರೆಗೆ ಇದೇ ನಡೆಯಿತು. ಅವರ ಮಿದುಳನ್ನು ಯಾರೂ ಚಿತ್ರಿಸಿದ್ದು ಕೇಳಿಲ್ಲ. ಆಸನದಿಂದ ಗಳಿಸಿದ ಬಲವು ಅವರ ಜೋಳಿಗೆಯಲ್ಲಿ ಕಾಣುತ್ತಿತ್ತು. ಅವರು ವೀರಶೈವ ಪರಂಪರೆಯವರಲ್ಲದಿದ್ದರೂ ಕಾಯಕ ದಾಸೋಹಗಳೆಂಬ ಶಬ್ದಗಳಿಗೆ ಆ ಬದುಕಿಗಿಂತ ಮಿಗಿಲಾದ ಟೀಕು ಈ ಜಿಲ್ಲೆಯಲ್ಲಿ ವಿರಳ.

ಈಗ ಪತಂಜಲಿಯ ಮಾತಿನ ಅಭಿಪ್ರಾಯ ಬಿಡಿಸುತ್ತದೆ. ಔಷಧಿಯಿಂದ ಬಂದ ಚಿತ್ತದಲ್ಲಿ ಆಶಯವು ಉಳಿಯುತ್ತದೆಂದರೆ, ನೀರು ಮೇಲೆ ತಿಳಿಯಾದರೂ ತಳದ ಮಡ್ಡಿ ಹಾಗೆಯೇ ಇರುವುದೆಂದರ್ಥ. ಧ್ಯಾನವು ಆ ಮಡ್ಡಿಯನ್ನು ಕದಡುತ್ತದೆ, ಕಣ್ಣಿಗೆ ಕಾಣಿಸುತ್ತದೆ, ಹೊರಹಾಕುವ ಕೆಲಸಕ್ಕೆ ಹಚ್ಚುತ್ತದೆ; ಅದಕ್ಕೇ ದೀರ್ಘಕಾಲ ಬೇಕು, ಎಡೆಬಿಡದ ಆದರ ಬೇಕು. ಅಷ್ಟಾಂಗಗಳಲ್ಲಿ ಆಸನಕ್ಕಿಂತ ಮೊದಲು ಅಹಿಂಸೆ, ಸತ್ಯ, ಅಸ್ತೇಯಗಳನ್ನಿಟ್ಟುದರ ಯುಕ್ತಿಯೂ ಇದೇ. ಯೋಗವನ್ನು ಯಂತ್ರದೊಡನೆ ಕೂಡಿಸುವವರು ಸಾಮಾನ್ಯವಾಗಿ ಆಸನದಿಂದ ಆರಂಭಿಸುತ್ತಾರೆ. ಮೊದಲಿನ ಎರಡು ಅಂಗಗಳನ್ನು ಅಳೆಯುವ ಮಾಪಕವು ಪ್ರಯೋಗಶಾಲೆಯಲ್ಲಿಲ್ಲ. ಅದು ವೈದ್ಯರ ದೋಷವಲ್ಲ. ಅವರು ಹದವನ್ನು ತಂದುಕೊಡಬಲ್ಲರು. ಬೀಜ ಯಾವುದೆಂಬುದನ್ನು ಹೊಲದವನು ನಿಶ್ಚಯಿಸಬೇಕು.

ಇನ್ನು ಚಿಕಿತ್ಸೆ ಬೇಕಾದ ಮನೆಗಳಿಗೆ ಸಂಬಂಧಿಸಿದ ಒಂದೆರಡು ಮಾತು. ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿನಷ್ಟು ದಾರಿ. ನಾಲ್ಕಾರು ವಾರ ಅಲ್ಲಿ ನಿಲ್ಲುವುದು ಕೂಲಿಯಿಂದ ಬದುಕುವವನಿಗೆ ಅಸಾಧ್ಯವಾದುದು. ಬೆಂಗಳೂರಿನಲ್ಲಿ ಮನೆಯಿರುವ ನಮ್ಮ ಸೀಮೆಯವರು ಅಂಥವನಿಗೆ ಒಂದು ಚಾಪೆಯನ್ನೂ ಎರಡು ಹೊತ್ತಿನ ಪ್ರಸಾದವನ್ನೂ ಕೊಟ್ಟರೆ, ಜಾತ್ರೆಯಲ್ಲಿ ಹೆಸರು ಕೂಗಿಸಿ ಕೊಡುವ ಕಾಣಿಕೆಗಿಂತ ಅದು ಮೇಲಾದ ದಾಸೋಹ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ೨೦೨೨ರಲ್ಲಿ ಸರ್ಕಾರವು ಆರಂಭಿಸಿದ ಟೆಲಿಮಾನಸ್ ಎಂಬ ವ್ಯವಸ್ಥೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ದೂರವಾಣಿ ಮಾಡಿ ಖರ್ಚಿಲ್ಲದೆ ಕೇಳಬಹುದು. ಕಂಡವರು ಮಾರುವ ಪಟ್ಟಿಯನ್ನು ಕೊಂಡು ತಾವೇ ತಲೆಗೆ ಕಟ್ಟಿಕೊಳ್ಳುವುದು ಮಾತ್ರ ಸರ್ವಥಾ ಕೂಡದು. ಅಳತೆ ತಪ್ಪಿದರೆ ಚರ್ಮ ಸುಡುವುದುಂಟು, ಮನಸ್ಸಿನ ಸ್ಥಿತಿ ಇನ್ನಷ್ಟು ಕೆಡುವುದೂ ಉಂಟು. ಅಪಸ್ಮಾರವಿರುವವರೂ ತಲೆಯೊಳಗೆ ಲೋಹವನ್ನು ಕೂರಿಸಿಕೊಂಡವರೂ ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಭಕ್ತರಿಗೆ ಬರುವ ಇನ್ನೊಂದು ಸಂಶಯವುಂಟು. ಅಯಸ್ಕಾಂತದ ಚಿಕಿತ್ಸೆಯ ವೇಳೆ ತಲೆ ಮತ್ತು ಕೊರಳಿನ ಲೋಹದ ಒಡವೆಗಳನ್ನೆಲ್ಲ ತೆಗೆದಿಡಿರೆಂದು ಹೇಳುತ್ತಾರೆ. ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯನ್ನು ತೆಗೆಯುವುದು ಲಿಂಗವನ್ನು ಅಗಲಿದಂತಾಗುವುದೇ ಎಂದು ಅಳುಕಿ ಚಿಕಿತ್ಸೆಯನ್ನೇ ಬಿಡುವವರು ಇರಬಹುದು. ಕರಡಿಗೆಯು ಲಿಂಗವಲ್ಲ, ಅದು ಲಿಂಗದ ಮನೆ. ಲಿಂಗಧಾರಣೆಗೆ ಶಾಸ್ತ್ರವು ಹೇಳಿದ ಸ್ಥಾನಗಳಲ್ಲಿ ಕಂಠದಂತೆ ಕರಸ್ಥಲವೂ ಒಂದು. ವೈದ್ಯರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆದು, ಕರಡಿಗೆಯನ್ನು ಮನೆಯವರ ಕೈಯಲ್ಲಿ ಕೊಟ್ಟು, ಇಷ್ಟಲಿಂಗವನ್ನು ಶುಭ್ರವಾದ ಪಾವುಡದಲ್ಲಿ ಸುತ್ತಿ, ಎಡದ ಅಂಗೈಯಲ್ಲಿ ಹಿಡಿದು ಆ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದು.